ಶಿಶುಮರಣ, ಸಂಶಯ ಮತ್ತು ನ್ಯಾಯ

ಸಂಜೆ ಹಾಲು ಕುಡಿದು ನಕ್ಕು ಮಲಗಿದ ಕೂಸು ಬೆಳಗಿನ ಜಾವಕ್ಕೆ ತೊಟ್ಟಿಲಲ್ಲೇ ತಣ್ಣಗಾಗಿ ಬಿದ್ದಿರುವುದಕ್ಕಿಂತ ದಾರುಣವಾದ ದುಃಖ ಗೃಹಸ್ಥ ಜೀವನದಲ್ಲಿ ಮತ್ತೊಂದಿರಲಾರದು. ಜ್ವರ ಬಂದಿರಲಿಲ್ಲ, ಬಿದ್ದು ಪೆಟ್ಟಾಗಿರಲಿಲ್ಲ, ಹಿಂದಿನ ದಿನ ನೋಡಿದ ವೈದ್ಯರೂ ಮಗು ಚೆನ್ನಾಗಿದೆಯೆಂದೇ ಹೇಳಿದ್ದರು. ಶವಪರೀಕ್ಷೆ ಮಾಡಿದರೂ ಕಾರಣ ದೊರೆಯುವುದಿಲ್ಲ. ಇಂತಹ ಮರಣಗಳಿಗೆ 1969ರಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ನಡೆದ ವೈದ್ಯರ ಸಮ್ಮೇಳನವೊಂದು 'ಹಠಾತ್ ಶಿಶುಮರಣ ಲಕ್ಷಣಕೂಟ' ಎಂಬ ಹೆಸರನ್ನಿತ್ತಿತು. ವಸ್ತುತಃ ಅದು ರೋಗದ ಹೆಸರಲ್ಲ. ಹುಡುಕಿದೆವು, ಸಿಕ್ಕಲಿಲ್ಲ ಎಂಬುದಕ್ಕೆ ಶಾಸ್ತ್ರವು ಇಟ್ಟುಕೊಂಡ ಸಭ್ಯವಾದ ಮಾತು.

ಕಾರಣ ತಿಳಿಯದ ಕಡೆ ಮನುಷ್ಯನ ಮನಸ್ಸು ಸುಮ್ಮನೆ ಕೂರುವುದಿಲ್ಲ. ಅದು ಯಾರನ್ನಾದರೂ ಹುಡುಕುತ್ತದೆ. ಹುಡುಕಿ ಹೊರಟಾಗ ಮೊದಲು ಕಣ್ಣಿಗೆ ಬೀಳುವವಳು ತಾಯಿ. ಕನ್ನಡ ನಾಡಿನ ಹಿರಿಯರು ಬಾಲಗ್ರಹ ಎಂದರು, ದೃಷ್ಟಿ ಎಂದರು. ಎರಡನೆಯ ಮಗುವೂ ಹೋದರೆ ಸೊಸೆಯ ಕಾಲ್ಗುಣ ಎಂದರು. ಪಾಶ್ಚಾತ್ಯ ದೇಶಗಳಲ್ಲಿ ಅದೇ ಸಂಶಯವು ಕರಿಯ ನಿಲುವಂಗಿ ತೊಟ್ಟು ನ್ಯಾಯಾಲಯದ ಮೆಟ್ಟಿಲೇರಿತು. ಎರಡೂ ಕಡೆ ಅದರ ಸ್ವಭಾವ ಒಂದೇ. ಆಸ್ಟ್ರೇಲಿಯಾದ ಕ್ಯಾಥ್ಲೀನ್ ಫೋಲ್ಬಿಗ್ ಎಂಬ ತಾಯಿಯ ವೃತ್ತಾಂತವು ಈ ಸಂಶಯದ ಬಲವನ್ನೂ ಅದರ ಬೆಲೆಯನ್ನೂ ಏಕಕಾಲಕ್ಕೆ ಕಾಣಿಸುವಂಥದು.

1967ರಲ್ಲಿ ಹುಟ್ಟಿದ ಕ್ಯಾಥ್ಲೀನ್ ಒಂದೂವರೆ ವರ್ಷದ ಮಗುವಾಗಿದ್ದಾಗಲೇ ತಂದೆಯು ತಾಯಿಯನ್ನು ಕೊಂದನು. ಅವಳು ಬೆಳೆದದ್ದು ಸಾಕು ಮನೆಯಲ್ಲಿ. ಮದುವೆಯಾಗಿ ನ್ಯೂ ಸೌತ್ ವೇಲ್ಸ್ ಪ್ರಾಂತ್ಯದ ನ್ಯೂಕ್ಯಾಸಲ್ ಸುತ್ತಲಿನ ಪ್ರದೇಶದಲ್ಲಿ ಸಂಸಾರ ಹೂಡಿದಳು. ಮೊದಲ ಮಗ ಕೇಲೆಬ್ 1989ರ ಫೆಬ್ರವರಿಯಲ್ಲಿ ಹುಟ್ಟಿ, 19 ದಿನಗಳು ಬದುಕಿ, ಅದೇ ತಿಂಗಳು ತೀರಿಕೊಂಡನು. ಎರಡನೆಯ ಮಗ ಪ್ಯಾಟ್ರಿಕ್‌ಗೆ ನಾಲ್ಕು ತಿಂಗಳಾದಾಗ ಒಂದು ರಾತ್ರಿ ಉಸಿರಿನ ಸಂಕಟ ಬಂದಿತು. ಅಂದು ಬದುಕುಳಿದನಾದರೂ ಅಪಸ್ಮಾರವೂ ದೃಷ್ಟಿಹೀನತೆಯೂ ಅವನಿಗೆ ಅಂಟಿಕೊಂಡವು. 1991ರ ಫೆಬ್ರವರಿಯಲ್ಲಿ, ಎಂಟು ತಿಂಗಳ ಕೂಸಾಗಿದ್ದಾಗ ಅವನೂ ಹೋದನು. ಮೂರನೆಯವಳು ಸಾರಾ. ಅವಳು 1993ರ ಆಗಸ್ಟ್‌ನಲ್ಲಿ ಹತ್ತು ತಿಂಗಳ ಮಗುವಾಗಿದ್ದಾಗ ಮಲಗಿದಲ್ಲೇ ಸತ್ತಳು. ಅನಂತರ ನಾಲ್ಕು ವರ್ಷಗಳ ಅಂತರವಿಟ್ಟು ಹುಟ್ಟಿದ ಲಾರಾಳನ್ನು ತಂದೆತಾಯಿಗಳು ಕಣ್ಣಲ್ಲಿ ಕಣ್ಣಿಟ್ಟು ಕಾದರು. ಅವಳ ನಿದ್ರೆಯಲ್ಲಿನ ಉಸಿರನ್ನು ಯಂತ್ರ ಕಟ್ಟಿ ಪರೀಕ್ಷಿಸಲಾಯಿತು. ಒಂದೂವರೆ ವರ್ಷ ದಾಟಿದಾಗ ಗಂಡಾಂತರ ಕಳೆಯಿತೆಂದು ಯಾರಿಗಾದರೂ ಅನ್ನಿಸಬೇಕು. 1999ರ ಮಾರ್ಚ್ 1ರಂದು ಲಾರಾಳೂ ತೀರಿಕೊಂಡಳು.

ಹತ್ತು ವರ್ಷಗಳಲ್ಲಿ ನಾಲ್ಕು ಮಕ್ಕಳು. ಕೇಲೆಬ್ ಮತ್ತು ಸಾರಾ ಇವರ ಮರಣಗಳನ್ನು ಆಯಾ ಕಾಲದಲ್ಲಿ ಹಠಾತ್ ಶಿಶುಮರಣವೆಂದೂ, ಪ್ಯಾಟ್ರಿಕ್‌ನದನ್ನು ಅಪಸ್ಮಾರದ ಪರಿಣಾಮವೆಂದೂ ವೈದ್ಯರು ಬರೆದಿದ್ದರು. ಲಾರಾಳ ಶವಪರೀಕ್ಷೆಯಲ್ಲಿ ಹೃದಯದ ಸ್ನಾಯು ಉರಿಯೂತಗೊಂಡಿರುವುದು ಕಂಡಿತು. ಬೇರೆ ಸಂದರ್ಭದಲ್ಲಾದರೆ ಮರಣಕ್ಕೆ ಅದೇ ಸಾಕಾದ ಕಾರಣವೆನಿಸುತ್ತಿತ್ತು. ಆದರೆ ಇದು ಮನೆಯ ನಾಲ್ಕನೆಯ ಮರಣವೆಂಬ ಒಂದೇ ನೆಪದಿಂದ 'ಕಾರಣ ನಿರ್ಧರಿಸಲಾಗದು' ಎಂದು ನಮೂದಾಯಿತು. ಹಿಂದಿನ ಮೂರು ಮರಣಗಳ ಅರ್ಥವೂ ಆ ಕ್ಷಣದಿಂದಲೇ ಬದಲಾಯಿತು. ದುಃಖವಾಗಿದ್ದದ್ದು ಸಾಕ್ಷ್ಯವಾಯಿತು.

ಪತಿಯು ಹೆಂಡತಿಯ ದಿನಚರಿ ಪುಸ್ತಕವನ್ನು ಕಂಡು ಪೊಲೀಸರಿಗೆ ಒಪ್ಪಿಸಿದನು. ಅದರಲ್ಲಿ ತನ್ನನ್ನು ತಾನೇ ಹಳಿದುಕೊಂಡ, ತನ್ನ ಸಿಡುಕಿಗಾಗಿ ನೊಂದ, ಮಕ್ಕಳ ಸಾವಿಗೆ ತಾನೇ ಹೊಣೆಯೆಂದು ಹಲುಬಿದ ಮಾತುಗಳಿದ್ದವು. ಕೊಂದೆನೆಂಬ ಮಾತು ಎಲ್ಲಿಯೂ ಇರಲಿಲ್ಲ. ಮಗುವನ್ನು ಕಳೆದುಕೊಂಡ ಯಾವ ತಾಯಿ ತಾನೆ ತನ್ನನ್ನು ಹಳಿದುಕೊಂಡಿಲ್ಲ? ಹಾಲು ಹೆಚ್ಚಾಯಿತೇನೋ, ಹೊದಿಕೆ ಬಿಗಿಯಾಯಿತೇನೋ, ಆ ಹೊತ್ತಿನಲ್ಲಿ ಎಚ್ಚರವಿದ್ದಿದ್ದರೆ ಉಳಿಯುತ್ತಿತ್ತೇನೋ ಎಂದು ಜೀವಮಾನವಿಡೀ ಕೊರಗುವ ತಾಯಂದಿರನ್ನು ಕಾಣದ ಊರಿಲ್ಲ. ಆ ಕೊರಗನ್ನು ಬರೆದಿಟ್ಟದ್ದೇ ಈಕೆಗೆ ಮುಳುವಾಯಿತು. 2003ರ ವಿಚಾರಣೆಯಲ್ಲಿ ಉಸಿರುಗಟ್ಟಿಸಿದ ಗುರುತೆಂಬ ಒಂದೇ ಒಂದು ದೈಹಿಕ ಸಾಕ್ಷ್ಯವೂ ಹಾಜರಾಗಲಿಲ್ಲ. ನಾಲ್ಕು ಮಕ್ಕಳೂ ಸಹಜವಾಗಿ ಸತ್ತಿರಬಹುದೆಂಬ ಸಾಧ್ಯತೆಯನ್ನು ಸರ್ಕಾರಿ ವಕೀಲರು ರೆಕ್ಕೆ ಮೂಡಿದ ಹಂದಿಮರಿಗಳು ಹುಟ್ಟುವ ಸಾಧ್ಯತೆಗೆ ಹೋಲಿಸಿದರು. ಪಂಚರ ತೀರ್ಪು ಮೇ 21ರಂದು ಹೊರಬಿತ್ತು: ಮೂರು ಕೊಲೆ, ಒಂದು ನರಹತ್ಯೆ. ಶಿಕ್ಷೆ 40 ವರ್ಷ. ಮೇಲ್ಮನವಿಯಲ್ಲಿ 2005ರಲ್ಲಿ ಅದು 30 ವರ್ಷಕ್ಕೆ ಇಳಿಯಿತು.

ಈ ತೀರ್ಪಿನ ಹಿಂದೆ ಒಂದು ಕಾಲದ ಮನೋಭಾವವಿತ್ತು. ಒಂದೇ ಮನೆಯಲ್ಲಿ ಒಂದು ಶಿಶುಮರಣವಾದರೆ ದುರಂತ, ಎರಡಾದರೆ ಸಂಶಯ, ಮೂರಾದರೆ ಕೊಲೆಯೆಂದೇ ಭಾವಿಸಬೇಕು ಎಂಬ ಸೂತ್ರವೊಂದು ಇಂಗ್ಲೆಂಡಿನ ಮಕ್ಕಳ ತಜ್ಞ ರಾಯ್ ಮೆಡೋ ಅವರ ಹೆಸರಿನಲ್ಲಿ ಪ್ರಚಾರ ಪಡೆದಿತ್ತು. ಇಂಗ್ಲೆಂಡಿನ ಸ್ಯಾಲಿ ಕ್ಲಾರ್ಕ್ ಎಂಬ ವಕೀಲೆಯ ಇಬ್ಬರು ಗಂಡುಮಕ್ಕಳು 1996 ಮತ್ತು 1998ರಲ್ಲಿ ತೀರಿಕೊಂಡಾಗ, ಅಂತಹ ಕುಟುಂಬದಲ್ಲಿ ಒಂದು ಮಗು ಹೀಗೆ ಸಾಯುವ ಸಂಭವ 8,543ರಲ್ಲಿ ಒಂದು, ಎರಡು ಮಕ್ಕಳು ಸಾಯುವ ಸಂಭವ ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿದಷ್ಟು, ಅಂದರೆ ಸುಮಾರು 7 ಕೋಟಿ 30 ಲಕ್ಷದಲ್ಲಿ ಒಂದು, ಎಂದು ನ್ಯಾಯಾಲಯದಲ್ಲಿ ಸಾಕ್ಷ್ಯ ನುಡಿಯಲಾಯಿತು. 1999ರಲ್ಲಿ ಆಕೆಗೆ ಶಿಕ್ಷೆಯಾಯಿತು.

ಈ ಗುಣಾಕಾರದಲ್ಲಿ ಅಡಗಿರುವ ದೋಷವನ್ನು ಸ್ವಲ್ಪ ನಿಧಾನವಾಗಿ ನೋಡುವುದು ಅವಶ್ಯ. ದಾಳವನ್ನು ಎರಡು ಸಲ ಎಸೆದಾಗ ಒಂದು ಎಸೆತಕ್ಕೂ ಮತ್ತೊಂದಕ್ಕೂ ಸಂಬಂಧವಿಲ್ಲ, ಅಲ್ಲಿ ಗುಣಿಸಬಹುದು. ಒಂದೇ ತಂದೆತಾಯಿಗಳಿಗೆ ಹುಟ್ಟಿದ ಎರಡು ಮಕ್ಕಳು ಹಾಗೆ ಸಂಬಂಧವಿಲ್ಲದವರೇ? ಅವರ ರಕ್ತ ಒಂದೇ, ಮನೆ ಒಂದೇ, ಬೀಜಗತವಾಗಿ ಬಂದ ಗುಣದೋಷಗಳು ಒಂದೇ. ತಂದೆ ಅಥವಾ ತಾಯಿಯಲ್ಲಿ ಒಬ್ಬರಿಗೆ ಹೃದಯದ ಲಯವನ್ನು ಕೆಡಿಸುವ ಒಂದು ದೋಷಯುಕ್ತ ವಂಶವಾಹಿ ಇದೆಯೆನ್ನೋಣ. ಒಂದೇ ಪ್ರತಿಯಿಂದ ಕೆಡುಕು ಮಾಡುವ ಜಾತಿಯದಾದರೆ ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವ ಎರಡರಲ್ಲಿ ಒಂದು. ಎರಡು ಮಕ್ಕಳಿಗೂ ಬರುವ ಸಂಭವ ನಾಲ್ಕರಲ್ಲಿ ಒಂದು. ಕೋಟಿಗಳ ಲೆಕ್ಕ ಎಲ್ಲಿ, ನಾಲ್ಕರ ಲೆಕ್ಕ ಎಲ್ಲಿ! ಮಾತ್ರವಲ್ಲ, ಎರಡು ಸಹಜ ಮರಣಗಳು ವಿರಳವೆಂದಾದರೆ ತಾಯಿಯೊಬ್ಬಳು ಎರಡು ಕೂಸುಗಳನ್ನು ಕೊಲ್ಲುವುದು ಅದಕ್ಕಿಂತಲೂ ವಿರಳವಿರಬಹುದು. ಒಂದು ವಿರಳತೆಯನ್ನು ಇನ್ನೊಂದರ ಪಕ್ಕದಲ್ಲಿಟ್ಟು ತೂಗದೆ ಒಂದನ್ನೇ ಎತ್ತಿ ತೋರಿಸುವುದು ತಕ್ಕಡಿಯ ಒಂದೇ ತಟ್ಟೆಯನ್ನು ಹಿಡಿದು ವ್ಯಾಪಾರ ಮಾಡಿದಂತೆ. ಇಂಗ್ಲೆಂಡಿನ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿ 2001ರಲ್ಲಿ ಈ ಲೆಕ್ಕಕ್ಕೆ ಆಧಾರವಿಲ್ಲವೆಂದು ಬಹಿರಂಗವಾಗಿ ಸಾರಿತು. 2003ರ ಜನವರಿಯಲ್ಲಿ ಸ್ಯಾಲಿ ಕ್ಲಾರ್ಕ್ ಬಿಡುಗಡೆಯಾದಳು. ಆದರೆ ಒಡೆದ ಮನಸ್ಸು ಕೂಡಲಿಲ್ಲ, 2007ರಲ್ಲಿ ತೀರಿಕೊಂಡಳು. ಅದೇ 2003ರ ಡಿಸೆಂಬರಿನಲ್ಲಿ ಏಂಜೆಲಾ ಕ್ಯಾನಿಂಗ್ಸ್ ಎಂಬ ಮತ್ತೊಬ್ಬ ತಾಯಿಯ ಶಿಕ್ಷೆಯೂ ರದ್ದಾಯಿತು. ಆಕೆಯ ಅಜ್ಜಿ, ಮುತ್ತಜ್ಜಿಯರ ಮನೆಗಳಲ್ಲಿಯೂ ಕೂಸುಗಳು ಹಾಗೆಯೇ ಸತ್ತಿದ್ದವೆಂಬ ಸಂಗತಿ ಆಕೆ ಸೆರೆಮನೆ ಸೇರಿದ ಮೇಲಷ್ಟೇ ಹೊರಬಂದಿತ್ತು.

ಇಷ್ಟು ಹೇಳಿ ಸಂಶಯಪಟ್ಟವರೆಲ್ಲ ಕಲ್ಲೆದೆಯವರೆಂದು ತೀರ್ಮಾನಿಸುವುದೂ ನ್ಯಾಯವಲ್ಲ. ಆ ಸಂಶಯಕ್ಕೆ ಒಂದು ಚರಿತ್ರೆಯಿದೆ. 1972ರಲ್ಲಿ ಅಮೆರಿಕದ ವೈದ್ಯರೊಬ್ಬರು ಐದು ಮಕ್ಕಳನ್ನು ಕಳೆದುಕೊಂಡ ಕುಟುಂಬವೊಂದನ್ನು ಆಧರಿಸಿ, ಹಠಾತ್ ಶಿಶುಮರಣವು ನಿದ್ರೆಯಲ್ಲಿ ಉಸಿರು ನಿಲ್ಲುವ, ವಂಶದಲ್ಲಿ ಹರಿಯುವ ದೋಷವೆಂದು ಪ್ರಬಂಧ ಬರೆದರು. ಎರಡು ದಶಕಗಳ ಕಾಲ ಅದು ಪ್ರಮಾಣವೆನಿಸಿತ್ತು. 1994ರಲ್ಲಿ ಆ ಐದು ಮಕ್ಕಳ ತಾಯಿ ವನೇಟಾ ಹಾಯ್ಟ್ ತಾನೇ ಅವರ ಉಸಿರುಗಟ್ಟಿಸಿದೆನೆಂದು ಪೊಲೀಸರ ಮುಂದೆ ಹೇಳಿದಳು. ಮುಂದೆ ಆ ಹೇಳಿಕೆಯನ್ನು ಹಿಂತೆಗೆದುಕೊಂಡರೂ 1995ರಲ್ಲಿ ಅವಳಿಗೆ ಶಿಕ್ಷೆಯಾಯಿತು. ಇದರಿಂದ ವೈದ್ಯರೂ ಪೊಲೀಸರೂ ಒಂದು ಪಾಠ ಕಲಿತರು, ಕಲಿತದ್ದು ಅತಿಯಾಯಿತು. ಒಮ್ಮೆ ಮೋಸಹೋದವನಿಗೆ ಕಂಡವರೆಲ್ಲ ಮೋಸಗಾರರಾಗಿ ತೋರುವುದು ಲೋಕರೂಢಿ. ಒಂದು ಮನೆಯಲ್ಲಿ ನಡೆದ ಪಾತಕವು ಮತ್ತೊಂದು ಮನೆಯ ದುಃಖಕ್ಕೆ ಪ್ರಮಾಣವಾಗಲಾರದು ಎಂಬ ಸರಳ ಸತ್ಯ ಮರೆಯಾಯಿತು.

ಈ ನಡುವೆ ಹೃದಯಶಾಸ್ತ್ರವು ಬೇರೊಂದು ದಾರಿಯಲ್ಲಿ ನಡೆದಿತ್ತು. ಹೃದಯವು ರಕ್ತವನ್ನು ನೂಕುವ ಪಂಪು ಮಾತ್ರವಲ್ಲ, ಅದೊಂದು ವಿದ್ಯುತ್ ಯಂತ್ರವೂ ಹೌದು. ಅದರ ಒಂದೊಂದು ಜೀವಕೋಶದ ಗೋಡೆಯಲ್ಲಿಯೂ ಅತಿ ಸೂಕ್ಷ್ಮವಾದ ಬಾಗಿಲುಗಳಿವೆ. ಸೋಡಿಯಂ ಮತ್ತು ಕ್ಯಾಲ್ಸಿಯಂ ಕಣಗಳು ಒಳಬಂದಾಗ ಸ್ನಾಯು ಸಂಕುಚಿಸುತ್ತದೆ. ಪೊಟ್ಯಾಸಿಯಂ ಕಣಗಳು ಹೊರಹೋದಾಗ ಅದು ವಿಶ್ರಮಿಸಿ ಮುಂದಿನ ಬಡಿತಕ್ಕೆ ಅಣಿಯಾಗುತ್ತದೆ. ಇ.ಸಿ.ಜಿ. ಪಟ್ಟಿಯ ಮೇಲೆ ಕ್ಯೂ ಎಂಬ ತೆರೆಯಿಂದ ಟಿ ಎಂಬ ತೆರೆಯ ಕೊನೆಯವರೆಗಿನ ಅಂತರವು ಈ ಒಂದು ಆವರ್ತನದ ಅವಧಿ. ಬಾಗಿಲುಗಳಲ್ಲೊಂದು ಸರಿಯಾಗಿ ಮುಚ್ಚದೆ ಅಥವಾ ತೆರೆಯದೆ ಹೋದರೆ ಅವಧಿ ದೀರ್ಘವಾಗುತ್ತದೆ. ವಿಶ್ರಾಂತಿ ಮುಗಿಯುವ ಮೊದಲೇ ಮುಂದಿನ ಪ್ರಚೋದನೆ ಬಂದು ಬಿದ್ದರೆ ಹೃದಯವು ತಾಳ ತಪ್ಪಿ ಬಡಿಯುವ ಬದಲು ನಡುಗತೊಡಗುತ್ತದೆ. ರಕ್ತ ಮುಂದೆ ಸಾಗುವುದಿಲ್ಲ. ಕೆಲವೇ ನಿಮಿಷಗಳಲ್ಲಿ ಎಲ್ಲವೂ ಮುಗಿದುಹೋಗುತ್ತದೆ. ವಿದ್ಯುತ್ತು ನಿಂತುಹೋದ ಮೇಲೆ ತಂತಿಯನ್ನು ಕೊಯ್ದು ನೋಡಿದರೆ ಏನು ಸಿಕ್ಕೀತು? ಶವಪರೀಕ್ಷೆಯ ಮೇಜಿನ ಮೇಲೆ ಈ ಹೃದಯವು ಆರೋಗ್ಯವಂತ ಹೃದಯದಂತೆಯೇ ಕಾಣುತ್ತದೆ.

ನಾರ್ವೆ ದೇಶದ ಆಂಟನ್ ಯೆರ್ವೆಲ್ ಮತ್ತು ಫ್ರೆಡ್ ಲಾಂಗೆ-ನೀಲ್ಸನ್ ಎಂಬ ವೈದ್ಯರು 1957ರಲ್ಲಿ ಆರು ಮಕ್ಕಳ ಒಂದು ಕುಟುಂಬವನ್ನು ವರ್ಣಿಸಿದರು. ಅವರಲ್ಲಿ ನಾಲ್ವರು ಹುಟ್ಟುಕಿವುಡರು; ಆ ನಾಲ್ವರಲ್ಲಿ ಮೂವರು ಎಳವೆಯಲ್ಲೇ ಹಠಾತ್ತಾಗಿ ಸತ್ತಿದ್ದರು. ಇ.ಸಿ.ಜಿ.ಯಲ್ಲಿ ಕ್ಯೂ-ಟಿ ಅಂತರ ದೀರ್ಘವಾಗಿತ್ತು. ಕಿವುಡಿಲ್ಲದ ಇದೇ ಬಗೆಯ ದೋಷವನ್ನು 1963 ಮತ್ತು 1964ರಲ್ಲಿ ಇಟಲಿಯ ರೊಮಾನೊ, ಐರ್ಲೆಂಡಿನ ವಾರ್ಡ್ ಬೇರೆಬೇರೆಯಾಗಿ ಗುರುತಿಸಿದರು. ಇಟಲಿಯ ಪೀಟರ್ ಶ್ವಾರ್ಟ್ಜ್ ಎಂಬ ಹೃದ್ರೋಗ ತಜ್ಞರು, ತೊಟ್ಟಿಲ ಮರಣಗಳಲ್ಲಿ ಕೆಲವು ಇದೇ ದೋಷದಿಂದ ಆಗುತ್ತಿರಬಹುದೆಂದು 1976ರಲ್ಲಿ ಸೂಚಿಸಿದಾಗ ಒಪ್ಪಿದವರು ಕಡಮೆ. ಅವರು ವಾದಕ್ಕೆ ನಿಲ್ಲದೆ ಎಣಿಕೆಗೆ ನಿಂತರು. ಸುಮಾರು ಎರಡು ದಶಕಗಳ ಕಾಲ 34,442 ನವಜಾತ ಶಿಶುಗಳ ಇ.ಸಿ.ಜಿ. ತೆಗೆದು, ಒಂದು ವರ್ಷದ ವರೆಗೆ ಅವರ ಯೋಗಕ್ಷೇಮ ವಿಚಾರಿಸಿ, 1998ರಲ್ಲಿ ಫಲಿತವನ್ನು ಪ್ರಕಟಿಸಿದರು. ಹಠಾತ್ತಾಗಿ ಸತ್ತ 24 ಶಿಶುಗಳಲ್ಲಿ 12 ಶಿಶುಗಳ ಕ್ಯೂ-ಟಿ ಅಂತರ ಹುಟ್ಟಿದ ವಾರದಲ್ಲೇ ದೀರ್ಘವಾಗಿತ್ತು. 2007ರಲ್ಲಿ ನಾರ್ವೆಯ 201 ಶಿಶುಮರಣಗಳ ಉಳಿಸಿಟ್ಟ ಮಾದರಿಗಳನ್ನು ವಂಶವಾಹಿ ಪರೀಕ್ಷೆಗೊಳಪಡಿಸಿದಾಗ, ನೂರಕ್ಕೆ ಒಂಬತ್ತೂವರೆಯಷ್ಟು ಕೂಸುಗಳಲ್ಲಿ ಹೃದಯದ ಲಯವನ್ನು ಕೆಡಿಸಬಲ್ಲ ದೋಷಗಳು ಕಂಡವು. ಎಲ್ಲ ತೊಟ್ಟಿಲ ಮರಣಗಳಿಗೂ ಇದೇ ಕಾರಣವೆಂದು ಇದರಿಂದ ಸಿದ್ಧವಾಗುವುದಿಲ್ಲ. ಹತ್ತರಲ್ಲಿ ಒಂದಕ್ಕೆ ಎಂದರೂ ಅದು ಅಲ್ಪವಲ್ಲ.

ಕ್ಯಾಥ್ಲೀನ್ ಸೆರೆಮನೆಯಲ್ಲಿ ಹದಿನೈದು ವರ್ಷಗಳನ್ನು ಕಳೆದಾಗ, 2018ರಲ್ಲಿ, ಕ್ಯಾನ್‌ಬೆರಾದ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿದ್ದ ಕರೋಲಾ ವಿನುಯೆಸಾ ಎಂಬ ವಂಶವಾಹಿ ತಜ್ಞೆಗೆ ಹಿಂದಿನ ವಿದ್ಯಾರ್ಥಿಯೊಬ್ಬನಿಂದ ಕರೆ ಬಂದಿತು. ಅವರ ಸಹೋದ್ಯೋಗಿ ತೊದೋರ್ ಅರ್ಸೋವ್ ಸೆರೆಮನೆಗೆ ಹೋಗಿ ತಾಯಿಯ ಮಾದರಿಯನ್ನು ತಂದರು. ಕಾಲ್ಮೊಡ್ಯುಲಿನ್ ಎಂಬ ಪ್ರೋಟೀನನ್ನು ತಯಾರಿಸುವ ಸಿ.ಎ.ಎಲ್.ಎಂ.-2 ಎಂಬ ವಂಶವಾಹಿಯಲ್ಲಿ, 114ನೆಯ ಸ್ಥಾನದಲ್ಲಿ ಗ್ಲೈಸೀನ್ ಇರಬೇಕಾದಲ್ಲಿ ಆರ್ಜಿನೀನ್ ಇರುವುದು ಕಂಡಿತು. ಒಂದೇ ಒಂದು ಅಕ್ಷರದೋಷ! ಆದರೆ ಕಾಲ್ಮೊಡ್ಯುಲಿನ್ ಸಾಮಾನ್ಯ ಪ್ರೋಟೀನಲ್ಲ. ನಾಲ್ಕು ಕ್ಯಾಲ್ಸಿಯಂ ಕಣಗಳನ್ನು ಹಿಡಿದು, ಆ ಹಿಡಿತದಿಂದಲೇ ಹೃದಯಕೋಶದ ಬಾಗಿಲುಗಳಿಗೆ ತೆರೆ, ಮುಚ್ಚು ಎಂಬ ಆಜ್ಞೆ ಕೊಡುವ ದ್ವಾರಪಾಲಕ ಅದು. ಮನುಷ್ಯನ ದೇಹದಲ್ಲಿ ಮೂರು ಬೇರೆಬೇರೆ ವಂಶವಾಹಿಗಳು ಅದೇ ಒಂದು ಪ್ರೋಟೀನನ್ನು ತಯಾರಿಸುತ್ತವೆ. ಸೃಷ್ಟಿಯು ಇದನ್ನು ಎಷ್ಟು ಜೋಪಾನ ಮಾಡಿದೆಯೆಂಬುದು ಇದರಿಂದ ತಿಳಿಯುತ್ತದೆ. ಇದರಲ್ಲಿನ ದೋಷವು ಮಾರಕವಾಗಬಹುದೆಂಬುದು 2012ರ ಅನಂತರವಷ್ಟೇ ಲೋಕಕ್ಕೆ ತಿಳಿದದ್ದು. 2003ರ ನ್ಯಾಯಾಲಯಕ್ಕೆ ಇದು ಗೊತ್ತಿರಲಿಲ್ಲವೆಂಬುದು ತಪ್ಪಲ್ಲ. ಗೊತ್ತಿಲ್ಲದಿರುವುದೇ ಕೊಲೆಗೆ ಪುರಾವೆಯೆಂದು ಬಗೆದದ್ದು ತಪ್ಪು.

ಮಕ್ಕಳ ಮಾದರಿಗಳು ದೊರೆಯುವವೇ? ಹುಟ್ಟಿದಾಗ ಹಿಮ್ಮಡಿ ಚುಚ್ಚಿ ತೆಗೆದ ರಕ್ತದ ಕಾರ್ಡುಗಳು ಮತ್ತು ಶವಪರೀಕ್ಷೆಯ ಮಾದರಿಗಳು ಉಳಿದಿದ್ದವು. ಪರೀಕ್ಷೆಯಲ್ಲಿ ಸಾರಾ ಮತ್ತು ಲಾರಾ ಇಬ್ಬರಿಗೂ ತಾಯಿಯ ದೋಷವೇ ಬಂದಿದ್ದುದು ಸ್ಪಷ್ಟವಾಯಿತು. ಗಂಡುಮಕ್ಕಳಲ್ಲಿ ಅದು ಇರಲಿಲ್ಲ, ಬದಲಾಗಿ ಬಿ.ಎಸ್.ಎನ್. ಎಂಬ ಬೇರೊಂದು ವಂಶವಾಹಿಯ ಎರಡು ಪ್ರತಿಗಳಲ್ಲಿಯೂ ವಿರಳವಾದ ವ್ಯತ್ಯಾಸಗಳಿದ್ದವು. ಇಲಿಗಳಲ್ಲಿ ಆ ವಂಶವಾಹಿ ಕೆಟ್ಟರೆ ಎಳವೆಯಲ್ಲೇ ಅಪಸ್ಮಾರ ಬಂದು ಸಾಯುತ್ತವೆ. ಪ್ಯಾಟ್ರಿಕ್‌ನ ಅಪಸ್ಮಾರವನ್ನು ಇಲ್ಲಿ ನೆನೆಯಬಹುದು.

ಆದರೂ ಸೆರೆಮನೆಯ ಬಾಗಿಲು ಒಡನೆ ತೆರೆಯಲಿಲ್ಲ. ನಿವೃತ್ತ ನ್ಯಾಯಾಧೀಶ ರೆಜಿನಾಲ್ಡ್ ಬ್ಲಾಂಚ್ ಅವರ 2019ರ ವಿಚಾರಣೆಯ ಮುಂದೆ ತಜ್ಞರೇ ಎರಡು ಪಕ್ಷವಾದರು. ಕ್ಯಾನ್‌ಬೆರಾದವರು ಈ ದೋಷ ಬಹುಮಟ್ಟಿಗೆ ಮಾರಕವೆಂದರೆ, ಸಿಡ್ನಿಯವರು ಅದರ ಪರಿಣಾಮ ಅನಿಶ್ಚಿತವೆಂದರು. ತಾಯಿ ಅದೇ ದೋಷವನ್ನು ಹೊತ್ತು ಬದುಕಿದ್ದಾಳಲ್ಲ ಎಂಬ ಪ್ರಶ್ನೆಯೂ ಬಂದಿತು. ಒಂದೇ ದೋಷ ಒಂದೇ ಮನೆಯಲ್ಲಿ ಒಬ್ಬರನ್ನು ತೊಟ್ಟಿಲಲ್ಲಿ ಕೊಂದು ಮತ್ತೊಬ್ಬರನ್ನು ಮುಪ್ಪಿನವರೆಗೆ ಬಿಡುವುದು ಈ ಕಾಯಿಲೆಗಳ ಸ್ವಭಾವವೇ ಆಗಿದೆ. ಜ್ವರ, ಸೋಂಕು, ಕೆಲವು ಔಷಧಿಗಳು ಕಿಡಿಯಂತೆ ಕೆಲಸ ಮಾಡುತ್ತವೆ. ಸಾರಾ, ಲಾರಾ ಇಬ್ಬರೂ ಸಾಯುವ ಮುನ್ನ ಸೋಂಕಿನಿಂದ ನರಳಿದ್ದರು. ವಿಚಾರಣೆಯು ಶಿಕ್ಷೆಯ ಬಗ್ಗೆ ಸಂಶಯವಿಲ್ಲವೆಂದು ಮುಗಿಯಿತು.

ವಿಜ್ಞಾನಿಗಳು ಕೈಚೆಲ್ಲಲಿಲ್ಲ. ಡೆನ್ಮಾರ್ಕಿನ ಪ್ರಯೋಗಾಲಯದಲ್ಲಿ ಮೈಕೇಲ್ ಟಾಫ್ಟ್ ಓವರ್‌ಗಾರ್ಡ್ ಮತ್ತು ಸಂಗಡಿಗರು ಆ ದೋಷಯುಕ್ತ ಪ್ರೋಟೀನನ್ನು ತಯಾರಿಸಿ, ಅದು ಕ್ಯಾಲ್ಸಿಯಂ ಬಾಗಿಲುಗಳನ್ನು ಸರಿಯಾಗಿ ನಿಯಂತ್ರಿಸದೆಂದು ಪ್ರಯೋಗದಿಂದ ತೋರಿಸಿದರು. ಅದೇ 114ನೆಯ ಸ್ಥಾನದಲ್ಲಿ ದೋಷವಿದ್ದ ಅಮೆರಿಕದ ಕುಟುಂಬವೊಂದರಲ್ಲಿ ಒಂದು ಮಗು ಹಠಾತ್ತಾಗಿ ಸತ್ತು, ಮತ್ತೊಂದು ಹೃದಯ ಸ್ತಂಭನದಿಂದ ಬದುಕುಳಿದ ಸಂಗತಿಯೂ ಶ್ವಾರ್ಟ್ಜ್ ಅವರ ಮೂಲಕ ಬೆಳಕಿಗೆ ಬಂದಿತ್ತು. 2020ರಲ್ಲಿ ಸಂಶೋಧನೆ ಪ್ರಕಟವಾಯಿತು. 2021ರ ಮಾರ್ಚ್‌ನಲ್ಲಿ ಇಬ್ಬರು ನೊಬೆಲ್ ಪುರಸ್ಕೃತರೂ ಸೇರಿದಂತೆ 90 ವಿಜ್ಞಾನಿಗಳೂ ವೈದ್ಯರೂ ಗವರ್ನರರಿಗೆ ಮನವಿ ಸಲ್ಲಿಸಿದರು. ನಿವೃತ್ತ ಮುಖ್ಯ ನ್ಯಾಯಮೂರ್ತಿ ಥಾಮಸ್ ಬಾಥರ್ಸ್ಟ್ ಅವರ ನೇತೃತ್ವದಲ್ಲಿ ಎರಡನೆಯ ವಿಚಾರಣೆ ನಡೆಯಿತು; ಈ ಸಲ ಆಸ್ಟ್ರೇಲಿಯಾದ ವಿಜ್ಞಾನ ಅಕಾಡೆಮಿಯು ಸ್ವತಂತ್ರ ಸಲಹೆಗಾರನಾಗಿ ಕುಳಿತಿತು. ಹೆಣ್ಣುಮಕ್ಕಳಿಬ್ಬರೂ ಹೃದಯದ ದೋಷದಿಂದ, ಪ್ಯಾಟ್ರಿಕ್ ನರಸಂಬಂಧಿ ದೋಷದಿಂದ ಸತ್ತಿರುವ ಸಾಧ್ಯತೆ ಸಮಂಜಸವಾದುದೆಂದೂ, ದಿನಚರಿಯ ಮಾತುಗಳು ತಪ್ಪೊಪ್ಪಿಗೆಯಲ್ಲವೆಂದೂ ಅವರು ಕಂಡುಕೊಂಡರು. ಮೂರು ಮರಣಗಳ ಆಧಾರ ಕುಸಿದ ಮೇಲೆ, ಅವುಗಳ ನೆರಳಿನಲ್ಲಷ್ಟೇ ನಿಂತಿದ್ದ ಕೇಲೆಬ್‌ನ ಆರೋಪವೂ ನಿಲ್ಲಲಿಲ್ಲ. 2023ರ ಜೂನ್ 5ರಂದು ಕ್ಷಮಾದಾನ ದೊರೆಯಿತು. ಡಿಸೆಂಬರ್ 14ರಂದು ಮೇಲ್ಮನವಿ ನ್ಯಾಯಾಲಯವು ಶಿಕ್ಷೆಗಳನ್ನು ರದ್ದುಪಡಿಸಿತು. ಸೆರೆಯಲ್ಲಿ ಕಳೆದದ್ದು 20 ವರ್ಷ. 2025ರ ಆಗಸ್ಟ್‌ನಲ್ಲಿ ಪ್ರಾಂತ್ಯ ಸರ್ಕಾರ ಕೊಡಬಂದ ಪರಿಹಾರ 20 ಲಕ್ಷ ಡಾಲರು. ಆಕೆಯ ವಕೀಲರು ಅದನ್ನು ಅವಮಾನವೆಂದೇ ಕರೆದರು.

ಇಲ್ಲಿ ಗಮನಿಸತಕ್ಕ ಒಂದು ಸೂಕ್ಷ್ಮವಿದೆ. ವಿಜ್ಞಾನವು ಆಕೆ ನಿರಪರಾಧಿಯೆಂದು ಗಣಿತದಂತೆ ಸಾಧಿಸಿಕೊಡಲಿಲ್ಲ. ಸಾಧಿಸುವುದು ಅದರ ಕರ್ತವ್ಯವೂ ಅಲ್ಲ. ಅಪರಾಧವನ್ನು ಸಾಧಿಸುವ ಹೊಣೆ ಆರೋಪಿಸಿದವರದು. ಮತ್ತೊಂದು ಬಗೆಯಿಂದಲೂ ಸಂಗತಿ ನಡೆದಿರಬಹುದೆಂಬ ದಾರಿಯನ್ನು ತೆರೆದಿಟ್ಟರೆ ಸಾಕು. ಈ ಶೀಲವನ್ನು ನ್ಯಾಯಾಲಯಗಳು ಮರೆತಾಗ ಇಪ್ಪತ್ತು ವರ್ಷಗಳು ಹೋಗುತ್ತವೆ. ಕುಟುಂಬಗಳು ಮರೆತಾಗ ಎಷ್ಟು ಹೋಗುತ್ತದೆಯೆಂಬುದನ್ನು ಬರೆದಿಡುವ ದಫ್ತರು ಯಾವುದೂ ಇಲ್ಲ.

ಇನ್ನೊಂದು ನೋವು ಕೊಲೆಯ ಸಂಶಯ ಕಳೆದ ಮೇಲೆ ಬರುತ್ತದೆ. ಕೊಲ್ಲಲಿಲ್ಲ, ನಿಜ; ಆದರೆ ದೋಷವನ್ನು ಕೊಟ್ಟವಳು ನಾನೇ ಅಲ್ಲವೇ ಎಂದು ತಾಯಿ ಕೇಳಿಕೊಳ್ಳುತ್ತಾಳೆ. ಇಲ್ಲಿ ಕೊಡುವುದೆಂಬ ಮಾತೇ ಸಲ್ಲದು. ಸಂಕಲ್ಪವಿಲ್ಲದೆ, ಅರಿವಿಲ್ಲದೆ ಸಾಗಿದ ವಂಶವಾಹಿಗೆ ಕರ್ತೃವಿಲ್ಲ. ಸೊಸೆಯ ಕಡೆಯಿಂದ ಬಂದಿತೋ ಮಗನ ಕಡೆಯಿಂದ ಬಂದಿತೋ ಎಂದು ಎರಡು ಮನೆತನಗಳು ಜಗಳವಾಡುವುದಕ್ಕೆ ಪರೀಕ್ಷಾ ವರದಿಯನ್ನು ಆಯುಧವಾಗಿ ಬಳಸಿದರೆ, ಹಳೆಯ ಕಾಲ್ಗುಣದ ಮಾತೇ ಹೊಸ ವೇಷದಲ್ಲಿ ಬಂದಂತಾದೀತು.

ಕರ್ನಾಟಕದ ಮನೆಗಳಿಗೆ ಈ ವಿಷಯ ದೂರದ್ದೇನಲ್ಲ. ಸೋದರಮಾವನಿಗೆ, ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವ ವಾಡಿಕೆ ಇಲ್ಲಿ ಬಹು ಹಿಂದಿನಿಂದ ನಡೆದುಬಂದಿದೆ. ಎರಡು ಪ್ರತಿಗಳೂ ದೋಷಯುಕ್ತವಾದಾಗ ಮಾತ್ರ ಕಾಣಿಸಿಕೊಳ್ಳುವ ಯೆರ್ವೆಲ್ ಬಗೆಯ ಕಾಯಿಲೆಗೆ ರಕ್ತಸಂಬಂಧದ ವಿವಾಹ ದಾರಿ ಸುಗಮ ಮಾಡುತ್ತದೆ. ಆದುದರಿಂದ ಹುಟ್ಟುಕಿವುಡು ಮಗುವು ಅಳುವಾಗಲೋ ಓಡುವಾಗಲೋ ಮೂರ್ಛೆ ಹೋದರೆ ಅದನ್ನು ಅಪಸ್ಮಾರವೆಂದು ಬಿಡದೆ ಒಂದು ಇ.ಸಿ.ಜಿ. ತೆಗೆಸುವುದು ವಿಹಿತ. ಆರೋಗ್ಯ ಶಿಬಿರ ನಡೆಸುವ ವಿಶ್ವಸ್ತ ಮಂಡಳಿಗಳು ಕಿವುಡು ಮಕ್ಕಳಿಗೆ ಈ ಪರೀಕ್ಷೆಯನ್ನು ಸೇರಿಸಿಕೊಂಡರೆ ಹೆಚ್ಚಿನ ವೆಚ್ಚವೇನೂ ಆಗದು.

ದೀರ್ಘ ಕ್ಯೂ-ಟಿ ದೋಷವು ಸುಮಾರು 2,000 ಜನರಲ್ಲಿ ಒಬ್ಬರಿಗೆ ಇರುವುದೆಂದು ಅಂದಾಜು. ಗುರುತು ಸಿಕ್ಕಿದರೆ ಚಿಕಿತ್ಸೆಯಿದೆ. ಪ್ರೊಪ್ರನಲಾಲ್, ನಡೊಲಾಲ್ ಮುಂತಾದ ಬೀಟಾ ಬ್ಲಾಕರ್ ಮಾತ್ರೆಗಳು ಬಹುಪಾಲು ರೋಗಿಗಳನ್ನು ಕಾಪಾಡುತ್ತವೆ. ಅತಿ ಅಪಾಯವಿದ್ದವರಿಗೆ ಎದೆಯೊಳಗೆ ಅಳವಡಿಸುವ, ಲಯ ತಪ್ಪಿದೊಡನೆ ವಿದ್ಯುತ್ ಪೆಟ್ಟು ಕೊಟ್ಟು ಸರಿಪಡಿಸುವ ಯಂತ್ರವಿದೆ. ಎರಿತ್ರೊಮೈಸಿನ್, ಕ್ಲೋರೋಕ್ವಿನ್‌ನಂತಹ ಸಾಮಾನ್ಯ ಔಷಧಿಗಳು ಕ್ಯೂ-ಟಿ ಅಂತರವನ್ನು ಇನ್ನಷ್ಟು ಹಿಗ್ಗಿಸುವುದರಿಂದ ವೈದ್ಯರಿಗೆ ಕಾಯಿಲೆಯ ಸಂಗತಿಯನ್ನು ಮೊದಲೇ ತಿಳಿಸಬೇಕು. ಈಜುವಾಗ ಮುಳುಗಿದ ಬಾಲಕ, ಅಲಾರಂ ಗಂಟೆಗೆ ಬೆಚ್ಚಿ ಮೂರ್ಛೆಹೋದ ಯುವತಿ, ಮೂವತ್ತರೊಳಗೆ ನಿದ್ರೆಯಲ್ಲೇ ಹೋದ ಚಿಕ್ಕಪ್ಪ: ಇಂತಹವರು ವಂಶದಲ್ಲಿದ್ದರೆ ಆ ಮಾತನ್ನು ಅಪಶಕುನವೆಂದು ಮುಚ್ಚಿಡದೆ ವೈದ್ಯರ ಮುಂದೆ ಹೇಳುವುದು ಉಳಿದ ಮಕ್ಕಳ ಪಾಲಿಗೆ ಉಪಕಾರ.

ಎಲ್ಲ ಶಿಶುಗಳಿಗೂ ಸಲ್ಲುವ ರಕ್ಷೆಯೊಂದಿದೆ. ಅದಕ್ಕೆ ಪ್ರಯೋಗಾಲಯ ಬೇಡ. ಕೂಸನ್ನು ಬೋರಲಾಗಿ ಮಲಗಿಸದೆ ಬೆನ್ನಿನ ಮೇಲೆ ಮಲಗಿಸಬೇಕೆಂದು 1991ರಲ್ಲಿ ಇಂಗ್ಲೆಂಡಿನಲ್ಲಿ, 1994ರಲ್ಲಿ ಅಮೆರಿಕದಲ್ಲಿ ಪ್ರಚಾರ ಆರಂಭವಾದ ಕೆಲವೇ ವರ್ಷಗಳಲ್ಲಿ ತೊಟ್ಟಿಲ ಮರಣಗಳ ಸಂಖ್ಯೆ ಅರ್ಧದಷ್ಟಕ್ಕೆ ಇಳಿಯಿತು. ಮೆತ್ತನೆಯ ದಿಂಬು, ಮುಖ ಮುಚ್ಚುವ ರಗ್ಗು, ಕೋಣೆಯಲ್ಲಿ ಬೀಡಿ-ಸಿಗರೇಟಿನ ಹೊಗೆ, ಇವು ವರ್ಜ್ಯ. ಕನ್ನಡ ನಾಡಿನ ಹಳೆಯ ಮರದ ತೊಟ್ಟಿಲಲ್ಲಿ ಕೂಸನ್ನು ಅಂಗಾತ ಮಲಗಿಸಿ ತೂಗುತ್ತಿದ್ದ ಅಜ್ಜಿಯರಿಗೆ ಇದು ಹೊಸ ಮಾತಲ್ಲ. ದಪ್ಪ ಹಾಸಿಗೆ, ಬೊಂಬೆ, ದಿಂಬುಗಳಿಂದ ತುಂಬಿದ ಈಗಿನ ತೊಟ್ಟಿಲುಗಳಿಗೆ ಮಾತ್ರ ಅದನ್ನು ಮತ್ತೆ ಹೇಳಬೇಕಾಗಿದೆ.